ನಿಮ್ಮ ಲೇಖನ ಓದಿದೆ, ಹೀಗೇ ಹಾಕೋಕಾಗಲ್ಲ

ನಮಸ್ಕಾರ. 'ರೈಲಿನಿಂದ ಶೇರುಪೇಟೆವರೆಗೆ: ಜಗತ್ತು ಬದಲಿಸಿದ 21 ಆವಿಷ್ಕಾರಗಳು' ಅಂತ ನೀವು ಕಳಿಸಿದ್ದನ್ನ ಎರಡು ಸಲ ಓದಿದೆ, ಒಂದ್ಸಲ ಕಾಫಿ ಕುಡೀತಾ, ಇನ್ನೊಂದ್ಸಲ ಕೆಂಪು ಪೆನ್ ಹಿಡ್ಕೊಂಡು. ಬೇಜಾರು ಮಾಡ್ಕೋಬೇಡಿ, ಇದ್ರೊಳಗೆ ಒಂದು ಒಳ್ಳೆ ಲೇಖನ ಇದೆ, ಆದ್ರೆ ಅದನ್ನ ನೀವೇ 21 ಹೆಸರುಗಳ ಕೆಳಗೆ ಹೂತಿಟ್ಟಿದೀರಿ.

ಮೊದ್ಲು ತಪ್ಪುಗಳು. ಶೇರು ಬೆಲೆ ಅಚ್ಚೊತ್ತೋ ಟಿಕರ್ ಯಂತ್ರ ಎಡಿಸನ್ ಕಂಡುಹಿಡಿದಿದ್ದಲ್ಲ, 1867ರಲ್ಲೇ ಎಡ್ವರ್ಡ್ ಕ್ಯಾಲಹನ್ ಮಾಡಿದ್ದ, ಎಡಿಸನ್ ಆಮೇಲೆ ಸುಧಾರಿಸಿದ. ಗಾಡಿಗಳು ಗುದ್ದದ ಹಾಗೆ ತಾನೇ ಬ್ರೇಕ್ ಹಾಕೋ ಕವಚ್ ವ್ಯವಸ್ಥೆ 2022ರದ್ದು ಅಂದಿದೀರಿ, ಆ ಮಾರ್ಚ್‌ನಲ್ಲಿ ರೈಲ್ವೆ ಮಂತ್ರಿ ಎಂಜಿನ್ನಲ್ಲಿ ಕೂತಿದ್ದು ಡೆಮೋ ಅಷ್ಟೇ, ಪ್ಯಾಸೆಂಜರ್ ಗಾಡಿಗಳ ಮೇಲೆ ಟ್ರಯಲ್ 2016ರಲ್ಲೇ ಶುರುವಾಗಿತ್ತು. ಕವಚ್‌ನ ಟ್ರಯಲ್ ನಡೆದ ದಾರಿಗಳಲ್ಲಿ ವಿಕಾರಾಬಾದ್-ವಾಡಿ, ವಿಕಾರಾಬಾದ್-ಬೀದರ್ ಕೂಡ ಇದ್ವು. ಕನ್ನಡದಲ್ಲಿ ಬರೀತಾ ವಾಡಿ, ಬೀದರ್ ಹೆಸರೇ ಬಿಟ್ಟು ನ್ಯೂಯಾರ್ಕ್ ಒಂಬತ್ತು ಸಲ ಬರೆದಿದೀರಲ್ಲ ಮಾರಾಯ್ರೆ!

'ಕ್ರಾಂತಿಕಾರಿ' 14 ಸಲ ಬಂದಿದೆ, ಎಣಿಸ್ದೆ. ಎಲ್ಲಾ ತೆಗೀರಿ.

ಈಗ ಅಸಲು ವಿಷಯ. ಐದನೇ ಪುಟದಲ್ಲಿ 'ವಿಲಿಯಂ ರಾಬಿನ್‌ಸನ್ 1872ರಲ್ಲಿ ಟ್ರ್ಯಾಕ್ ಸರ್ಕ್ಯೂಟ್ ಪೇಟೆಂಟ್ ಪಡೆದನು' ಅಂತ ಒಂದೇ ಸಾಲು ಬರೆದು ಮುಂದೆ ಓಡಿದೀರಿ. ನಿಲ್ಲಬೇಕಿದ್ದಿದ್ದೇ ಅಲ್ಲಿ! ಟ್ರ್ಯಾಕ್ ಸರ್ಕ್ಯೂಟ್ ಅಂದ್ರೆ ಹಳಿ ಮೇಲೆ ಗಾಡಿ ಇದೆಯಾ ಅಂತ ಕರೆಂಟ್‌ನಿಂದ ತಿಳಿಯೋ ಏರ್ಪಾಡು. ಆತ ಮೊದ್ಲು ಮಾಡಿದ್ರಲ್ಲಿ ಗಾಡಿ ಬಂದಾಗ ಮಾತ್ರ ಕರೆಂಟ್ ಹರಿದು ಸಿಗ್ನಲ್ ಕೆಂಪಾಗ್ತಿತ್ತು, ಅಂದ್ರೆ ತಂತಿ ತುಂಡಾದ್ರೆ ಅಥವಾ ಬ್ಯಾಟರಿ ಸತ್ರೆ ಗಾಡಿ ಎದುರಿಗೇ ನಿಂತಿದ್ರೂ ಸಿಗ್ನಲ್ 'ಹೋಗು' ಅಂತಾನೇ ತೋರಿಸ್ತಿತ್ತು. ಎರಡನೇ ಸಲ ಪೂರ್ತಿ ತಲೆಕೆಳಗು ಮಾಡ್ದ: ಎರಡೂ ಹಳಿಗಳಲ್ಲಿ ಯಾವಾಗ್ಲೂ ಕರೆಂಟ್ ಹರೀತಿರುತ್ತೆ, ಅದು ರಿಲೇನ (ಕರೆಂಟ್ ಇದ್ರೆ ಎದ್ದಿರೋ, ಹೋದ್ರೆ ಬೀಳೋ ಸ್ವಿಚ್) ಎತ್ತಿ ಹಿಡಿದಿರುತ್ತೆ, ಗಾಡಿ ಬಂದ್ರೆ ಅದರ ಚಕ್ರ-ಅಚ್ಚು ಎರಡೂ ಹಳಿ ಸೇರಿಸಿಬಿಡುತ್ತೆ, ಕರೆಂಟ್ ರಿಲೇವರೆಗೆ ಹೋಗಲ್ಲ, ರಿಲೇ ಬೀಳುತ್ತೆ, ಸಿಗ್ನಲ್ ಕೆಂಪು. ತಂತಿ ತುಂಡಾದ್ರೂ ಕೆಂಪು, ಬ್ಯಾಟರಿ ಸತ್ರೂ ಕೆಂಪು. ಕೆಟ್ರೆ ನಿಲ್ಲಿಸೋ ಕಡೆಗೇ ಕೆಡಬೇಕು, ಇದೇ ನಿಮ್ಮ ಲೇಖನ, ಬೇರೆ ಏನೂ ಬೇಡ.

ವೆಸ್ಟಿಂಗ್‌ಹೌಸ್‌ನ ಆಟೊಮ್ಯಾಟಿಕ್ ಏರ್‌ಬ್ರೇಕೂ ಇದೇ ಜಾಡು, ಪೈಪ್ ಕಿತ್ತೋದ್ರೆ ಗಾಳಿ ಸೋರಿ ಬ್ರೇಕ್ ತಾನೇ ಬೀಳುತ್ತೆ. ಅಂಥದ್ದು ಇಲ್ದಿದ್ರೆ ಏನಾಗುತ್ತೆ ಅಂತ ಐರ್ಲೆಂಡಿನ ಆರ್ಮಾದಲ್ಲಿ 1889ರಲ್ಲಿ ಗೊತ್ತಾಯ್ತು. ಏರು ಹತ್ತಲಾರದ ಗಾಡಿಯಿಂದ ಹಿಂದಿನ ಬೋಗಿಗಳನ್ನ ಬಿಚ್ಚಿ ಚಕ್ರಕ್ಕೆ ಕಲ್ಲು ಕೊಟ್ಟಿದ್ರು, ಕಲ್ಲು! ಬೋಗಿಗಳು ಜಾರಿ ಹಿಂದೆ ಬರ್ತಿದ್ದ ಗಾಡಿಗೆ ಗುದ್ದಿ 80 ಜನ ಸತ್ರು. ಆ ವರ್ಷವೇ ಅಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಇಂಥ ಬ್ರೇಕ್ ಕಡ್ಡಾಯ ಮಾಡೋ ಕಾನೂನು ಬಂತು.

ಶೇರುಪೇಟೆಗೆ ದಾಟೋ ಸೇತುವೆ ಇಲ್ಲೇ ಇದೆ, ನೀವು ಹುಡುಕಲೇ ಇಲ್ಲ. 2012 ಆಗಸ್ಟ್ 1ಕ್ಕೆ ಅಮೆರಿಕದ ಶೇರು ವ್ಯಾಪಾರದ ಕಂಪನಿ ನೈಟ್ ಕ್ಯಾಪಿಟಲ್‌ನವರು ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕೋದು ಮರೆತಿದ್ರು, ಅದರಲ್ಲಿದ್ದ ಹಳೇ ಕೋಡ್ ಎದ್ದು ಆರ್ಡರ್ ಮೇಲೆ ಆರ್ಡರ್ ಸುರೀತು, ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಅಂದ್ರೆ ಕೆಟ್ಟಾಗ ಓಡೋ ಕಡೆಗೆ ಕೆಟ್ಟಿತ್ತು. ನಮ್ಮಲ್ಲಿ 2001ರಿಂದ ಸೂಚ್ಯಂಕ 10, 15, 20 ಪರ್ಸೆಂಟ್ ಅಲುಗಾಡಿದ್ರೆ ಟ್ರೇಡಿಂಗ್ ನಿಲ್ಲಿಸೋ ಸರ್ಕ್ಯೂಟ್ ಬ್ರೇಕರ್ ಇದೆ, 2020 ಮಾರ್ಚ್ 23ಕ್ಕೆ 45 ನಿಮಿಷ ನಿಂತಿತ್ತು ನೆನಪಿರಬೇಕಲ್ಲ. ಆದ್ರೆ ಇದು ರಾಬಿನ್‌ಸನ್‌ದಷ್ಟು ಚೊಕ್ಕ ಅಲ್ಲ, ಬೆಲೆ ಬಿದ್ದಿದ್ದನ್ನ ಅಳೆದ ಮೇಲೇ ನಿಲ್ಲಿಸೋದು. ಈ ವ್ಯತ್ಯಾಸದ ಮೇಲೆ ಒಂದು ಪ್ಯಾರಾ ಬರೀರಿ, ಓದೋರು ಸಿಗ್ತಾರೆ.

ಕೊನೇ ಪುಟದ ಕೊನೇ ಪ್ಯಾರಾದಲ್ಲಿ, ಅದೂ ಬ್ರಾಕೆಟ್ ಒಳಗೆ, ನಿಮ್ಮ ದೊಡ್ಡಪ್ಪ ಸ್ಟೇಷನ್ ಮಾಸ್ಟರ್ ಆಗಿದ್ರು, ಓಡೋ ಎಂಜಿನ್‌ಗೆ ಬೆತ್ತದ ಬಳೆ ಕೊಡಿಸ್ತಿದ್ರು ಅಂತ ಬರೆದಿದೀರಿ. ಅದನ್ನ ಮೊದಲ ಸಾಲಿಗೆ ತನ್ನಿ. ಬಳೆಗೆ ಕಟ್ಟಿದ ಚೀಲದೊಳಗಿನ ಟೋಕನ್ ಇಲ್ದೆ ಡ್ರೈವರ್ ಸಿಂಗಲ್ ಲೈನಿಗೆ ಗಾಡಿ ಬಿಡೋ ಹಾಗಿಲ್ಲ, ಮೆಷಿನ್ನಿಂದ ಒಂದು ಹೊರಗೆ ಬಂದ್ರೆ ಅದು ವಾಪಸ್ ಮೆಷಿನ್ನಿಗೆ ಹೋಗೋವರೆಗೂ ಇನ್ನೊಂದು ಬರಲ್ಲ, ಅಂದ್ರೆ ನಿಮ್ಮ ದೊಡ್ಡಪ್ಪನೂ ರಾಬಿನ್‌ಸನ್ ಕಡೆಯವರೇ. ಅವ್ರು ಇದ್ರೆ ಕೇಳಿ, ಬಳೆ ತೋಳಿಗೆ ಎಷ್ಟು ಜೋರಾಗಿ ಬಡೀತಿತ್ತು, ರಾತ್ರಿ ಮಳೇಲಿ ಹೆಂಗೆ ಕೊಡ್ತಿದ್ರು, ಯಾವತ್ತಾದ್ರೂ ಕೈತಪ್ಪಿತ್ತಾ ಅಂತ.

900 ಪದ ಸಾಕು. ಎಡಿಸನ್ ಫೋಟೋ ಕಳಿಸ್ಬೇಡಿ, ದೊಡ್ಡಪ್ಪಂದು ಯೂನಿಫಾರ್ಮ್‌ನಲ್ಲಿ ಇದ್ರೆ ಕಳಿಸಿ.