ಎಫ್‌ಎಂಜಿಇ ಬರೆಯಲಿರುವ ಗೆಳೆಯರಿಗೆ ‘ಆಲ್ ದಿ ಬೆಸ್ಟ್’ ಬಿಟ್ಟು ಇನ್ನೇನು ಹೇಳಬಹುದು?

ನೀವು ಕೇಳಿರುವುದು ಇಷ್ಟು: ವಿದೇಶದಲ್ಲಿ ಎಂಬಿಬಿಎಸ್ ಮುಗಿಸಿ ಬಂದ ಇಬ್ಬರು ಸ್ನೇಹಿತರಿದ್ದಾರೆ, ಇನ್ನು ಹತ್ತು ದಿನಕ್ಕೆ ಅವರ ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ಓದಿದವರು ಇಲ್ಲಿ ವೈದ್ಯರಾಗಲು ದಾಟಬೇಕಾದ ಪರೀಕ್ಷೆ. ಅವಳಿಗೆ ಮೊದಲ ಸಲ, ಅವನಿಗೆ ಮೂರನೇ ಸಲ. ನೀವು ಮೆಡಿಕಲ್ ಓದಿದವರಲ್ಲ. ಹಾಗಿದ್ದೂ ಅವರಿಗೆ ಧೈರ್ಯ ತುಂಬುವುದು ಹೇಗೆ?

ಮೊದಲು ಒಂದು ಮಾತನ್ನು ಕೈಬಿಡಿ: ‘ನೀನು ಪಾಸಾಗೇ ಆಗ್ತೀಯ ಬಿಡು.’ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೀರಿ, ನಿಜ. ಆದರೆ ಈಚಿನ ಸುತ್ತುಗಳಲ್ಲಿ ಈ ಪರೀಕ್ಷೆ ಬರೆದ ಹತ್ತು ಜನರಲ್ಲಿ ದಾಟಿದವರು ಇಬ್ಬರೋ ಮೂವರೋ ಅಷ್ಟೇ ಅನ್ನುವುದು ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತು. ನೀವು ಹಾಗಂದಾಗ, ನಾಳೆ ಫೇಲಾದರೆ ನಿಮಗೂ ಮುಖ ತೋರಿಸಬೇಕಲ್ಲ ಅನ್ನುವ ಭಾರ ಸೇರಿಕೊಳ್ಳುತ್ತದೆ. ಫಲಿತಾಂಶದ ಬಗ್ಗೆ ಭವಿಷ್ಯ ಹೇಳಬೇಡಿ. ಪರೀಕ್ಷೆಯ ಲೆಕ್ಕ ಹೇಳಿ, ಕೈಲಾದ ಕೆಲಸ ಮಾಡಿಕೊಡಿ. ನನ್ನ ಪ್ರಕಾರ ಈ ಹತ್ತು ದಿನದಲ್ಲಿ ಪ್ರೋತ್ಸಾಹ ಅಂದರೆ ಅದೇ.

ಲೆಕ್ಕ ಹೀಗಿದೆ. ಒಟ್ಟು 300 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಒಂದಕ್ಕೆ ಒಂದು ಅಂಕ. 150 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಕೊನೆಯ ನಿಯಮದಲ್ಲೇ ಧೈರ್ಯ ಅಡಗಿದೆ. 120 ಪ್ರಶ್ನೆಗೆ ಖಚಿತವಾಗಿ ಸರಿಯುತ್ತರ ಗೊತ್ತಿದೆ ಅಂತಿಟ್ಟುಕೊಳ್ಳಿ. ಉಳಿದ 180ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 45 ಸಿಗುತ್ತದೆ, ಒಟ್ಟು 165. ನಾಲ್ಕರಲ್ಲಿ ಎರಡು ಆಯ್ಕೆಗಳನ್ನು ಹೊಡೆದುಹಾಕುವಷ್ಟು ಗೊತ್ತಿದ್ದರೆ ಇನ್ನೂ ಮೇಲೆ. ಎಲ್ಲ ಗೊತ್ತಿರಬೇಕಾದ ಪರೀಕ್ಷೆ ಇದಲ್ಲ. ಅರ್ಧ ಪೇಪರ್ ಅರ್ಥವಾಗದೆ ಹೋದರೂ ದಾಟಬಹುದು. ಆದರೆ ಒಂದು ಎಚ್ಚರಿಕೆ: ಮಾಕ್ ಟೆಸ್ಟಿನಲ್ಲಿ, ಅವರ ಬಾಯಲ್ಲಿ ‘ಜಿಟಿ’, ಬಂದಿರುವ ಅಂಕಕ್ಕೆ ಈ 45 ಸೇರಿಸಲು ಹೋಗಬೇಡಿ. ಅದರಲ್ಲಿ ಊಹೆಯ ಅಂಕ ಆಗಲೇ ಸೇರಿರುತ್ತದೆ. 149 ಬಂದರೆ ಫೇಲೇ, ಗ್ರೇಸ್ ಇಲ್ಲ, ಮರುಮೌಲ್ಯಮಾಪನವೂ ಇಲ್ಲ. ಅದಕ್ಕೇ ಜಿಟಿಯಲ್ಲಿ 165ರ ಆಚೆ ಈಚೆ ಬರುತ್ತಿದ್ದರೆ ಸ್ವಲ್ಪ ಉಸಿರಾಡಬಹುದು, 150ರ ಅಂಚಿನಲ್ಲಿದ್ದರೆ ಈ ಹತ್ತು ದಿನ ಎಲ್ಲಿ ಕೂತು ಓದಬೇಕು ಅನ್ನುವುದನ್ನು ಆರಿಸಿಕೊಳ್ಳಬೇಕು.

ಎಲ್ಲಿ ಅಂದರೆ, ಅಂಕ ಗುಡ್ಡೆಯಾಗಿ ಬಿದ್ದಿರುವ ಕಡೆ. ಮೆಡಿಸಿನ್ 33, ಸರ್ಜರಿ 32, ಪ್ರಸೂತಿ ಮತ್ತು ಸ್ತ್ರೀರೋಗ 30, ಕಮ್ಯುನಿಟಿ ಮೆಡಿಸಿನ್ 30. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ತಲಾ 17, ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ತಲಾ 13, ಫೊರೆನ್ಸಿಕ್ 10. ಮಕ್ಕಳ ವಿಭಾಗ, ಕಣ್ಣು, ಇಎನ್‌ಟಿ ತಲಾ 15. ಮಿಕ್ಕ ಆರು ಸಣ್ಣ ವಿಷಯಗಳಿಗೆ, ಅಂದರೆ ಸೈಕಿಯಾಟ್ರಿ, ಚರ್ಮ, ರೇಡಿಯೋಥೆರಪಿ, ಆರ್ಥೋ, ಅನಸ್ತೀಷಿಯಾ, ರೇಡಿಯೋಡಯಾಗ್ನೋಸಿಸ್, ತಲಾ ಐದೇ ಐದು. ಕೊನೆಯ ವಾರದಲ್ಲಿ ಹೆದರಿಕೆಗೆ ಬಿದ್ದು ಒಂದೂ ಓದದ ರೇಡಿಯೋಥೆರಪಿ ವಿಡಿಯೋ ಶುರು ಮಾಡುವವರಿದ್ದಾರೆ. ಐದು ಅಂಕಕ್ಕೆ ಎಂಟು ಗಂಟೆ! ಆ ಹೊತ್ತನ್ನು ಕಮ್ಯುನಿಟಿ ಮೆಡಿಸಿನ್‌ಗೆ ಕೊಟ್ಟರೆ ಲಾಭ. ಅದು ಬಹುಪಾಲು ನೆನಪಿನ ವಿಷಯ, ಇವತ್ತು ಓದಿದ್ದು ಮುಂದಿನ ವಾರ ನೇರವಾಗಿ ಕೈಗೆ ಬರುತ್ತದೆ.

ಇಲ್ಲಿ ನಿಮ್ಮ ಪಾತ್ರವಿದೆ, ಡಾಕ್ಟರ್ ಆಗಿರಬೇಕಿಲ್ಲ. ಮನೆಯಲ್ಲಿ ಅಕ್ಕನದೋ ಅತ್ತಿಗೆಯದೋ ತಾಯಿ ಕಾರ್ಡ್ ಇದ್ದರೆ ತೆಗೆಯಿರಿ. ಅದರಲ್ಲಿ ಲಸಿಕೆ ಪಟ್ಟಿ ಇರುತ್ತದೆ, ಕಮ್ಯುನಿಟಿ ಮೆಡಿಸಿನ್‌ಗೆ ಓದುವುದರಲ್ಲಿ ಇದೂ ಒಂದು: ಹುಟ್ಟಿದಾಗ ಬಿಸಿಜಿ, ಹೆಪಟೈಟಿಸ್ ಬಿ, ಪೋಲಿಯೊ ಸೊನ್ನೆ ಡೋಸ್, 6, 10, 14 ವಾರಕ್ಕೆ ಪೆಂಟಾ, 9 ತಿಂಗಳು ತುಂಬಿದ ಮೇಲೆ ಎಂಆರ್. ಫೋನ್ ಮಾಡಿ ‘ಹತ್ತು ವಾರಕ್ಕೆ ಏನೇನು?’ ಅಂತ ಕೇಳುತ್ತಾ ಹೋಗಿ. ಇಲ್ಲವಾದರೆ ಅವರದೇ ನೋಟ್ಸಿನ ಒಂದು ಪುಟದ ಫೋಟೊ ತರಿಸಿಕೊಂಡು ಕೇಳಿ. ದಿನಕ್ಕೆ ಇಪ್ಪತ್ತು ನಿಮಿಷ, ಊಟ ಆದಮೇಲೆ ನಿದ್ದೆ ತೂಗುವ ಹೊತ್ತಿನಲ್ಲಿ. ಉತ್ತರ ತಪ್ಪಾದರೆ ಸರಿಯಾದದ್ದನ್ನು ಓದಿ ಹೇಳಿ ಮುಂದಕ್ಕೆ ಹೋಗಿ. ‘ಅಯ್ಯೋ, ಇದೂ ಗೊತ್ತಿಲ್ವಾ’ ಅಂದರೆ ಮಾರನೇ ದಿನ ಅವರು ಫೋನ್ ಎತ್ತುವುದಿಲ್ಲ.

ಇನ್ನು ಪರೀಕ್ಷೆಯ ಮೈಕಟ್ಟು. ಒಂದೇ ದಿನ ಎರಡು ಭಾಗ, ತಲಾ 150 ಪ್ರಶ್ನೆ, ತಲಾ ಎರಡೂವರೆ ಗಂಟೆ. 2024ರಿಂದೀಚೆಗೆ ಪ್ರತಿ ಭಾಗವನ್ನೂ 50 ಪ್ರಶ್ನೆ–50 ನಿಮಿಷದ ಮೂರು ಸೆಕ್ಷನ್ ಮಾಡಿದ್ದಾರೆ. ಒಂದು ಸೆಕ್ಷನ್ನಿನ ಸಮಯ ಮುಗಿದರೆ ಅದಕ್ಕೆ ಬೀಗ, ಮತ್ತೆ ಹಿಂದಕ್ಕೆ ಹೋಗುವ ಹಾಗಿಲ್ಲ. ಬೇಗ ಮುಗಿಸಿದರೂ ಮುಂದಿನದು ತೆರೆಯುವುದಿಲ್ಲ. ಮೂರನೇ ಸಲ ಬರೆಯುವ ನಿಮ್ಮ ಗೆಳೆಯ ಹಳೆಯ ಪದ್ಧತಿಗೆ ಒಗ್ಗಿಹೋಗಿದ್ದರೆ ‘ಕೊನೆಗೆ ನೋಡಿಕೊಂಡರಾಯ್ತು’ ಅಂತ ಹತ್ತು ಪ್ರಶ್ನೆ ಖಾಲಿ ಬಿಟ್ಟು, ಅವು ಖಾಲಿಯಾಗಿಯೇ ಉಳಿದುಬಿಡುವ ಅಪಾಯವಿದೆ. ಒಂದು ಸುತ್ತು 35 ನಿಮಿಷದೊಳಗೆ ಮುಗಿಸಬೇಕು, ಅನುಮಾನವಿದ್ದರೂ ಏನಾದರೊಂದು ಗುರುತು ಹಾಕಿಯೇ ರಿವ್ಯೂಗೆ ಇಡಬೇಕು, 45ನೇ ನಿಮಿಷಕ್ಕೆ ಒಂದೂ ಖಾಲಿ ಇರಬಾರದು. ಪರೀಕ್ಷೆ ನಡೆಸುವ ಸಂಸ್ಥೆ ಎನ್‌ಬಿಇಎಂಎಸ್ ತನ್ನ ಜಾಲತಾಣದಲ್ಲಿ ಡೆಮೊ ಟೆಸ್ಟ್ ಹಾಕುತ್ತದೆ, ಒಂದು ಸಲವಾದರೂ ಅದನ್ನು ತೆರೆದು ಬಟನ್‌ಗಳನ್ನು ಒತ್ತಿ ನೋಡಲಿ. ಈ ಬೀಗದಿಂದ ಒಂದು ಅನುಕೂಲವೂ ಇದೆ. ಮೊದಲ ಐವತ್ತು ಕೈಕೊಟ್ಟರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಅವನಿಗೆ ಕಳಿಸಬಹುದಾದ ಮೆಸೇಜು: ‘ಆರು ಸಣ್ಣ ಪರೀಕ್ಷೆ ಕಣೋ, ಒಂದೊಂದರಲ್ಲಿ 25 ಬೇಕು ಅಷ್ಟೆ. ಹೋದದ್ದು ಹೋಯ್ತು ಅಂತ ಮುಂದಿನದಕ್ಕೆ ಕೂತ್ಕೋ.’

ಪರೀಕ್ಷೆಯ ಹಿಂದಿನ ವಾರ ಕೆಡುವುದು ಹೆಚ್ಚಾಗಿ ಫೋನಿನಿಂದ. ಟೆಲಿಗ್ರಾಂನಲ್ಲಿ ‘ಪ್ರಶ್ನೆಪತ್ರಿಕೆ ಸಿಕ್ಕಿದೆ, ಇಷ್ಟು ಹಣ ಕೊಡಿ’ ಅನ್ನುವವರು ಪ್ರತಿ ಸುತ್ತಿಗೂ ಹುಟ್ಟಿಕೊಳ್ಳುತ್ತಾರೆ. ಎನ್‌ಬಿಇಎಂಎಸ್ ಇಂಥವರ ಬಗ್ಗೆ ಮತ್ತೆಮತ್ತೆ ಎಚ್ಚರಿಸಿದೆ. ಹಣವೂ ಹೋಗುತ್ತದೆ, ಸಿಕ್ಕಿಬಿದ್ದರೆ ಪರೀಕ್ಷೆಯಿಂದಲೇ ಹೊರಗೆ. ‘ಎಫ್‌ಎಂಜಿಇ ಹೋಗಿ ನೆಕ್ಸ್ಟ್ ಅನ್ನುವ ಹೊಸ ಪರೀಕ್ಷೆ ಬರುತ್ತಂತೆ’ ಅನ್ನುವ ಫಾರ್ವರ್ಡ್‌ಗಳನ್ನೂ ಈಗ ಕಳಿಸಬೇಡಿ. ಜೊತೆಗೆ ನೆಂಟರು. ಪರೀಕ್ಷೆಯ ದಿನ ಬೆಳಿಗ್ಗೆ ಆರಕ್ಕೇ ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯವರು ಒಬ್ಬೊಬ್ಬರಾಗಿ ಶುರುಮಾಡುತ್ತಾರೆ. ಅವರ ಮನೆಯವರ ಪರಿಚಯವಿದ್ದರೆ ಅಮ್ಮನ ಹತ್ತಿರ ಮಾತಾಡಿ, ‘ಎಲ್ಲರೂ ಸಂಜೆ ಐದರ ಮೇಲೆ ಫೋನ್ ಮಾಡಿ’ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿಸಿ. ನೂರು ಶುಭಾಶಯಕ್ಕಿಂತ ಇದೊಂದು ಉಪಕಾರ ದೊಡ್ಡದು.

ಹಿಂದಿನ ದಿನದ ಕೆಲಸದಲ್ಲಿ ಅರ್ಧ ನೀವೇ ವಹಿಸಿಕೊಳ್ಳಬಹುದು. ಪ್ರವೇಶಪತ್ರವನ್ನು ಎರಡು ಪ್ರತಿ ಪ್ರಿಂಟ್ ಮಾಡಿಸಿ, ಫೋಟೊ ಅಂಟಿಸುವ ಜಾಗ ಖಾಲಿ ಉಳಿದಿಲ್ಲವಲ್ಲ ನೋಡಿ. ಗುರುತಿನ ಚೀಟಿ ಮೂಲ ಪ್ರತಿಯೇ ಬೇಕು, ಅದರಲ್ಲಿರುವ ಹೆಸರು ಪ್ರವೇಶಪತ್ರದ ಹೆಸರಿಗೆ ಹೊಂದಬೇಕು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವುದು ಮಾಮೂಲು. ಆಧಾರ್, ಪಾಸ್‌ಪೋರ್ಟ್ ಎರಡರಲ್ಲಿ ಯಾವುದು ಅಕ್ಷರಶಃ ಕೂಡುತ್ತದೋ ಅದನ್ನು ಇಟ್ಟುಕೊಳ್ಳಲಿ. ಓಲೆ, ಉಂಗುರ, ಸರ, ಮೂಗುಬೊಟ್ಟು ಒಳಗೆ ಬಿಡುವುದಿಲ್ಲ. ತಿರುಪು ಬಿಗಿದುಕೊಂಡಿರುವ ಮೂಗುಬೊಟ್ಟನ್ನು ಗೇಟಿನ ಮುಂದೆ ಬಿಚ್ಚಲಾಗದು, ಹಿಂದಿನ ದಿನವೇ ಅಕ್ಕಸಾಲಿಗರ ಹತ್ತಿರ ತೆಗೆಸಿಬಿಡಿ. ಕೇಂದ್ರ ಬೆಂಗಳೂರಿನ ಅಂಚಿನಲ್ಲೆಲ್ಲೋ ಇದ್ದರೆ ಹಿಂದಿನ ದಿನ ಒಮ್ಮೆ ಗಾಡಿಯಲ್ಲಿ ಹೋಗಿ ಗೇಟು ನೋಡಿ ಬನ್ನಿ. ಮ್ಯಾಪ್ ತೋರಿಸುವುದು ಕಾಲೇಜಿನ ಹಿಂಬಾಗಿಲೂ ಆಗಿರಬಹುದು. ಗೇಟು ಮುಚ್ಚುವ ಹೊತ್ತು ಪರೀಕ್ಷೆ ಶುರುವಾಗುವ ಹೊತ್ತಿಗಿಂತ ಮುಂಚೆ ಇರುತ್ತದೆ. ಪ್ರವೇಶಪತ್ರದಲ್ಲಿ ಹುಡುಕಿ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು.

ಪರೀಕ್ಷೆಯ ದಿನ ನೀವು ಜೊತೆಗೆ ಹೋಗಬಹುದಾದರೆ ಅದಕ್ಕಿಂತ ಬೇರೆ ಬೇಡ. ಅವರ ಫೋನು, ಬ್ಯಾಗು ನಿಮ್ಮ ಕೈಯಲ್ಲಿರಲಿ. ಎರಡು ಭಾಗಗಳ ನಡುವಿನ ಬಿಡುವಿನಲ್ಲಿ ಅಭ್ಯಾಸವಿರುವ ಊಟವನ್ನೇ ಕೊಡಿ, ಚಿತ್ರಾನ್ನವೋ ಮೊಸರನ್ನವೋ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ಕಾಫಿ ದಿನಾ ಎಷ್ಟೋ ಅಷ್ಟೇ. ಆಗ ಕೇಳಬಾರದ ಪ್ರಶ್ನೆ ಒಂದೇ: ‘ಹೇಗಿತ್ತು?’ ಆಸುಪಾಸಿನಲ್ಲಿ ಗುಂಪು ಕಟ್ಟಿಕೊಂಡು ‘ಆ ಎಕ್ಸ್‌ರೇ ಪ್ರಶ್ನೆಗೆ ಏನು ಹಾಕಿದೆ’ ಅಂತ ಶುರುಮಾಡುವವರು ಇದ್ದೇ ಇರುತ್ತಾರೆ, ಅವರಿಂದ ನೂರು ಹೆಜ್ಜೆ ದೂರ ಕರೆದುಕೊಂಡು ಹೋಗಿ. ತಪ್ಪಾದ ಒಂದು ಉತ್ತರ ಆಗ ಗೊತ್ತಾದರೆ ಆ ಅಂಕವಂತೂ ವಾಪಸ್ ಬರುವುದಿಲ್ಲ, ಮಧ್ಯಾಹ್ನದ ಗಮನವೂ ಹೋಗುತ್ತದೆ. ಸಂಜೆಯೂ ಅಷ್ಟೇ. ನೆನಪಿನಿಂದ ಹೆಕ್ಕಿದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿಡಿಯೋಗಳು ಸಾಲುಸಾಲಾಗಿ ಬರುತ್ತವೆ, ತಪ್ಪಿದವು ಮಾತ್ರ ಮನಸ್ಸಿನಲ್ಲಿ ಕಚ್ಚಿಕೊಳ್ಳುತ್ತವೆ.

ಮೂರನೇ ಸಲದವನಿಗೆ ಒಂದು ಮಾತು ಬೇರೆ. ‘ಈ ಸಲ ಹೇಗಾದ್ರೂ ಮಾಡಿ ಮುಗಿಸಿಬಿಡು’ ಅನ್ನಬೇಡಿ, ಮೊದಲೆರಡು ಸಲ ಅವನು ಬೇಕಂತಲೇ ಬಿಟ್ಟಂತಾಗುತ್ತದೆ. ಹಿಂದಿನ ಅಂಕ ಅವನೇ ಹೇಳಿದ್ದರೆ ಅದನ್ನೇ ಹಿಡಿದು ಮಾತಾಡಿ. 138 ಬಂದಿತ್ತು ಅಂದರೆ ಬೇಕಾಗಿರುವುದು ಹನ್ನೆರಡು, ಸೆಕ್ಷನ್ನಿಗೆ ಎರಡೆರಡು. ಅವಳ ಜೊತೆ ಅವನನ್ನು ಹೋಲಿಸುವ ಮಾತು ಇಬ್ಬರ ಎದುರೂ ಬೇಡ. ಒಂದೇ ಗ್ರೂಪಿಗೆ ಒಂದೇ ಮೆಸೇಜು ಹಾಕುವುದಕ್ಕಿಂತ ಬೇರೆಬೇರೆಯಾಗಿ ಬರೆಯಿರಿ.

ಫಲಿತಾಂಶ ರೋಲ್ ನಂಬರ್ ಪ್ರಕಾರ ಪಟ್ಟಿಯಾಗಿ ಬರುತ್ತದೆ. ನಂಬರ್ ಗೊತ್ತಿದ್ದರೂ ಅವರಿಗಿಂತ ಮೊದಲು ನೀವು ಹುಡುಕಬೇಡಿ. ಪಾಸಾದರೆ ಸಂಭ್ರಮದ ಜೊತೆಗೇ ಓಡಾಟವಿದೆ: ಕರ್ನಾಟಕ ವೈದ್ಯಕೀಯ ಮಂಡಳಿಯ ನೋಂದಣಿ, ಇಂಟರ್ನ್‌ಶಿಪ್‌ಗೆ ಜಾಗ, ವಿದೇಶದ ಕಾಲೇಜಿನ ಕಾಗದಪತ್ರ. ಆಗ ಬೈಕ್ ಇರುವ ಗೆಳೆಯನಿಗೆ ಬಹಳ ಬೆಲೆ. ಆಗದಿದ್ದರೆ ಅವತ್ತೇ ‘ಇನ್ನಾರು ತಿಂಗಳಿಗೆ ಮತ್ತೆ ಇದೆಯಲ್ಲ’ ಅನ್ನಬೇಡಿ. ಪರೀಕ್ಷೆ ವರ್ಷಕ್ಕೆ ಎರಡು ಸಲ ಅನ್ನುವುದು ಅವರಿಗೇ ಗೊತ್ತು. ಮನೆಗೆ ಹೋಗಿ, ಜೊತೆಗೆ ಊಟ ಮಾಡಿ, ಮಾರನೇ ದಿನ ಮತ್ತೆ ಫೋನ್ ಮಾಡಿ. ಊಟ ನಿದ್ದೆ ಬಿಟ್ಟಿದ್ದರೆ, ‘ಇನ್ನು ಬದುಕಿ ಏನು’ ಅನ್ನುವ ಧಾಟಿಯ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲೇ ಕೂತು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ; ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.