ಓದುಗರ ಪ್ರಶ್ನೆ: ಮ್ಯಾಪ್‌ನಲ್ಲಿ ಅಂಗಡಿ ಕಾಣುತ್ತದೆ, ವೆಬ್‌ಸೈಟ್ ಏಕೆ ಕಾಣುವುದಿಲ್ಲ?

ಪ್ರಶ್ನೆ: ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ, ಚನ್ನಪಟ್ಟಣದಲ್ಲಿ ನಮ್ಮದೊಂದು ಮರದ ಗೊಂಬೆಗಳ ಅಂಗಡಿಯಿದೆ. 2023ರಲ್ಲಿ ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದ ಮೇಲೆ ದಾರಿಯಲ್ಲಿ ಕಾರು ನಿಲ್ಲಿಸಿ ಬರುತ್ತಿದ್ದ ಗಿರಾಕಿಗಳು ಕಡಿಮೆಯಾದರು. ಹಾಗಾಗಿ ವೆಬ್‌ಸೈಟ್ ಮಾಡಿಸಿ, ಗೂಗಲ್‌ನಲ್ಲಿ ಅಂಗಡಿಯ ಪ್ರೊಫೈಲನ್ನೂ ತೆರೆದಿದ್ದೇವೆ. ಊರಿನಲ್ಲಿಯೇ ಹುಡುಕಿದರೆ ಮ್ಯಾಪ್ ಜೊತೆ ಬರುವ ಮೊದಲ ಮೂರು ಅಂಗಡಿಗಳಲ್ಲಿ ನಮ್ಮದೂ ಇರುತ್ತದೆ. ಆದರೆ ಬೆಂಗಳೂರಿನಲ್ಲಿರುವ ಮಗಳು ಹುಡುಕಿದಾಗ ಅಂಗಡಿಯೂ ಸಿಗುವುದಿಲ್ಲ, ವೆಬ್‌ಸೈಟೂ ಸಿಗುವುದಿಲ್ಲ. ಮ್ಯಾಪ್‌ನಲ್ಲಿ ಮೇಲೆ ಬಂದರೆ ವೆಬ್‌ಸೈಟ್ ತಾನಾಗಿಯೇ ಮೇಲೆ ಬರುತ್ತದೆ ಎಂದು ಮಾಡಿಕೊಟ್ಟವರು ಹೇಳಿದ್ದರು. ಇದು ನಿಜವೇ?
— ಓದುಗರು, ಚನ್ನಪಟ್ಟಣ

ಉತ್ತರ: ನಿಜವಲ್ಲ. ಎರಡೂ ಒಂದೇ ಪುಟದಲ್ಲಿ ಕಾಣಿಸಿಕೊಂಡರೂ ಅವು ಬೇರೆ ಬೇರೆ ಪಟ್ಟಿಗಳು, ಅವುಗಳನ್ನು ಜೋಡಿಸಲು ಗೂಗಲ್ ಬಳಸುವ ಅಳತೆಗಳೂ ಬೇರೆ. ಅವುಗಳ ನಡುವೆ ನಂಟಿದೆ, ಆದರೆ ಅದು ನಿಮಗೆ ಹೇಳಿದ್ದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿದೆ: ವೆಬ್‌ಸೈಟ್ ಬಲವಾದರೆ ಮ್ಯಾಪ್‌ನಲ್ಲಿನ ಸ್ಥಾನಕ್ಕೆ ಅನುಕೂಲವಾಗುತ್ತದೆಯೇ ಹೊರತು, ಮ್ಯಾಪ್‌ನಲ್ಲಿ ಮೇಲಿದ್ದ ಮಾತ್ರಕ್ಕೆ ವೆಬ್‌ಸೈಟ್ ಮೇಲೇರುವುದಿಲ್ಲ.

ಸ್ಥಳೀಯ ಫಲಿತಾಂಶಗಳನ್ನು, ಅಂದರೆ ಮ್ಯಾಪ್ ಜೊತೆ ಬರುವ ಅಂಗಡಿಗಳ ಪಟ್ಟಿಯನ್ನು, ಮುಖ್ಯವಾಗಿ ಮೂರು ಅಂಶಗಳಿಂದ ಅಳೆಯುವುದಾಗಿ ಗೂಗಲ್ ತಾನೇ ತಿಳಿಸಿದೆ. ಹುಡುಕಿದ ವಿಷಯಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಿಕೆ ಮೊದಲನೆಯದು, ಹುಡುಕುವವರಿಗೂ ಅಂಗಡಿಗೂ ನಡುವಿನ ದೂರ ಎರಡನೆಯದು, ಅಂಗಡಿ ಎಷ್ಟು ಹೆಸರುವಾಸಿ ಎಂಬುದು ಮೂರನೆಯದು. ಈ ಮೂರನೆಯದನ್ನು ಲೆಕ್ಕ ಹಾಕುವಾಗ ರಿವ್ಯೂಗಳ ಸಂಖ್ಯೆ ಮತ್ತು ರೇಟಿಂಗ್ ಜೊತೆಗೆ, ನಿಮ್ಮ ಬಗ್ಗೆ ಬೇರೆಯವರು ಬರೆದ ಲೇಖನಗಳು, ಬೇರೆ ವೆಬ್‌ಸೈಟ್‌ಗಳು ನಿಮಗೆ ಕೊಟ್ಟ ಲಿಂಕ್‌ಗಳು, ಕೊನೆಗೆ ಸಾಮಾನ್ಯ ಹುಡುಕಾಟದಲ್ಲಿ ನಿಮ್ಮ ವೆಬ್‌ಸೈಟಿನ ಸ್ಥಾನ ಕೂಡ ಸೇರುತ್ತವೆ ಎಂದು ಗೂಗಲ್‌ನ ಸಹಾಯ ಪುಟಗಳು ವರ್ಷಗಟ್ಟಲೆ ಹೇಳಿಕೊಂಡು ಬಂದಿವೆ. 2014ರ ಜುಲೈನಲ್ಲಿ ಅಮೆರಿಕದಲ್ಲಿ ಮೊದಲು ಜಾರಿಗೆ ಬಂದ, ಗೂಗಲ್‌ನ ಸ್ಥಳೀಯ ಹುಡುಕಾಟದಲ್ಲಿ ಆದ, ‘ಪಿಜನ್’ ಎಂಬ ಹೆಸರು ಪಡೆದ ಬದಲಾವಣೆಯಿಂದ ಈ ನಂಟು ಬಿಗಿಯಾಯಿತು. ಮರುವರ್ಷ ಆಗಸ್ಟ್‌ನಲ್ಲಿ ಮ್ಯಾಪ್ ಕೆಳಗೆ ತೋರಿಸುವ ಅಂಗಡಿಗಳ ಸಂಖ್ಯೆ 7ರಿಂದ 3ಕ್ಕೆ ಇಳಿದಾಗ ಪೈಪೋಟಿ ಇನ್ನಷ್ಟು ಹೆಚ್ಚಿತು.

ನಿಮ್ಮ ತೊಂದರೆಯ ಬೇರು ಇರುವುದು ದೂರದಲ್ಲಿ. ಜಯನಗರದಲ್ಲಿ ಕುಳಿತು ‘ಮರದ ಆಟಿಕೆ ಅಂಗಡಿ’ ಎಂದು ಹುಡುಕಿದವರಿಗೆ ಸುಮಾರು 60 ಕಿಲೋಮೀಟರ್ ಆಚೆಯ ಅಂಗಡಿಯನ್ನು ಗೂಗಲ್ ತೋರಿಸುವುದಿಲ್ಲ. ನೂರಾರು ಒಳ್ಳೆಯ ರಿವ್ಯೂಗಳಿದ್ದರೂ ಆ ದೂರವನ್ನು ದಾಟುವುದು ಕಷ್ಟ. ‘ಚನ್ನಪಟ್ಟಣದ ಗೊಂಬೆ’ ಎಂದು ಹುಡುಕಿದರೂ ತೊಡಕು ತಪ್ಪುವುದಿಲ್ಲ, ಏಕೆಂದರೆ ನಿಮ್ಮ ಊರಿನ ಹೆಸರೇ ಸರಕಿನ ಹೆಸರೂ ಆಗಿರುವುದರಿಂದ, ಅದೇ ಗೊಂಬೆಗಳನ್ನು ಮಾರುವ ಬೆಂಗಳೂರಿನ ಅಂಗಡಿಗಳಿಗೂ ಆ ಹುಡುಕಾಟ ಹೊಂದುತ್ತದೆ. ದೂರದ ಈ ಕಟ್ಟು ವೆಬ್‌ಸೈಟ್‌ಗೆ ಅಷ್ಟಾಗಿ ಇಲ್ಲ. ಹೆದ್ದಾರಿಯಿಂದ ಇಳಿದು ಬರುವವರನ್ನು ಪ್ರೊಫೈಲ್ ಕರೆತರಲಿ. ಬೆಂಗಳೂರು, ಪುಣೆ, ದುಬೈನಿಂದ ಆರ್ಡರ್ ಮಾಡುವವರನ್ನು ವೆಬ್‌ಸೈಟೇ ಕರೆತರಬೇಕು.

ಆ ವೆಬ್‌ಸೈಟಿನಲ್ಲಿ ಓದಲು ಏನಿದೆ ಎಂಬುದನ್ನು ದಯವಿಟ್ಟು ಒಮ್ಮೆ ಪರಿಶೀಲಿಸಿ. ಸಣ್ಣ ಅಂಗಡಿಗಳ ವೆಬ್‌ಸೈಟ್‌ಗಳಲ್ಲಿ ಸಾಮಾನ್ಯವಾಗಿ ಸರಿದಾಡುವ ನಾಲ್ಕು ದೊಡ್ಡ ಚಿತ್ರಗಳು, ಚಿತ್ರದೊಳಗೇ ಅಚ್ಚಾದ ಬೆಲೆ, ಕೆಳಗೆ ಫೋನ್ ನಂಬರ್ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಅಲ್ಲಿ ಗೂಗಲ್‌ಗೆ ಹಿಡಿದುಕೊಳ್ಳಲು ಪಠ್ಯವೇ ಇಲ್ಲ. ಪ್ರತಿಯೊಂದು ಗೊಂಬೆಗೂ ಒಂದೊಂದು ಪುಟವಿರಲಿ. ಅದರಲ್ಲಿ ಗಾತ್ರ, ಬೆಲೆ, ಎಷ್ಟು ವಯಸ್ಸಿನ ಮಕ್ಕಳಿಗೆ ಸೂಕ್ತ, ಹಾಲೆ ಮರದಲ್ಲಿ ಮಾಡಿದ್ದೋ ಬೇರೆ ಮರದ್ದೋ, ಲೇತ್ ಮೇಲೆ ತಿರುಗುತ್ತಿರುವಾಗ ಅರಗಿನ ಬಣ್ಣವನ್ನು ಹೇಗೆ ಹತ್ತಿಸುತ್ತಾರೆ, ಮಗು ಬಾಯಿಗೆ ಹಾಕಿಕೊಂಡರೆ ಭಯವಿದೆಯೇ ಎಂಬುದನ್ನೆಲ್ಲ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಈ ಪ್ರಶ್ನೆಗಳನ್ನು ಅಂಗಡಿಗೆ ಬರುವ ತಾಯಂದಿರು ನಿಮಗೆ ದಿನವೂ ಕೇಳುತ್ತಿರುತ್ತಾರೆ. ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡುವುದೂ ಅವನ್ನೇ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬೇರೆ ಬೇರೆ ಪುಟಗಳಿರುವುದು ಒಳ್ಳೆಯದು. ನಿಮ್ಮಿಂದ ಗೊಂಬೆ ಕೊಳ್ಳುವ ಶಾಲೆ ಅಥವಾ ಮಳಿಗೆಗೆ ತನ್ನದೇ ವೆಬ್‌ಸೈಟ್ ಇದ್ದರೆ ಅಲ್ಲಿಂದ ನಿಮ್ಮ ಪುಟಕ್ಕೆ ಲಿಂಕ್ ಕೇಳಿ. ಅಂತಹ ಒಂದು ಲಿಂಕ್, ಹಣ ಕೊಟ್ಟು ಪಡೆಯುವ ಡೈರೆಕ್ಟರಿ ಲಿಂಕ್‌ಗಳಿಗಿಂತ ಬೆಲೆಯುಳ್ಳದ್ದು.

ಪ್ರೊಫೈಲ್‌ನಿಂದ ವೆಬ್‌ಸೈಟ್‌ಗೆ ಆಗುವ ಉಪಕಾರ ಬಳಸುದಾರಿಯದು. ಮ್ಯಾಪ್ ನೋಡಿ ಬಂದವರು ಮುಂದಿನ ಸಲ ಅಂಗಡಿಯ ಹೆಸರನ್ನೇ ಹುಡುಕುತ್ತಾರೆ, ಕೆಲವರು ನಿಮ್ಮ ಬಗ್ಗೆ ಬರೆಯುತ್ತಾರೆ, ಲಿಂಕ್ ಕೊಡುತ್ತಾರೆ. ನಕ್ಷತ್ರಗಳ ಸಂಖ್ಯೆ ಹೆಚ್ಚಿದ್ದರಿಂದಲೇ ನಿಮ್ಮ ಪುಟ ಸಾಮಾನ್ಯ ಫಲಿತಾಂಶದಲ್ಲಿ ಏರುತ್ತದೆಂದು ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಹುಡುಕಾಟದಲ್ಲಿ ವೆಬ್‌ಸೈಟ್ ಎಲ್ಲಿ ಕಾಣುತ್ತದೆ, ಎಷ್ಟು ಕ್ಲಿಕ್ ಬಿದ್ದಿವೆ ಎಂದು ಅದರ ಮಾಲೀಕರಿಗೆ ತಿಳಿಸುವ ಗೂಗಲ್‌ನ ಸಾಧನ ಸರ್ಚ್ ಕನ್ಸೋಲ್; ಅದರ ವರದಿ ತೋರಿಸಿ ‘ನೋಡಿ, ವೆಬ್‌ಸೈಟ್ ಮೇಲೆ ಬಂದಿದೆ’ ಎಂದು ನಿಮಗೆ ಯಾರಾದರೂ ಹೇಳಬಹುದು. ಪ್ರೊಫೈಲ್‌ನಲ್ಲಿರುವ ವೆಬ್‌ಸೈಟ್ ಬಟನ್ ಮೇಲೆ ಬಿದ್ದ ಕ್ಲಿಕ್‌ಗಳೂ ಅದೇ ವರದಿಯಲ್ಲಿ ಸೇರಿಕೊಳ್ಳುವುದರಿಂದ, ಮ್ಯಾಪ್‌ನ ಸ್ಥಾನವೇ ವೆಬ್‌ಸೈಟಿನ ಸ್ಥಾನದಂತೆ ಕಾಣಿಸುವುದುಂಟು. ಪ್ರೊಫೈಲ್‌ನಲ್ಲಿ ಕೊಡುವ ವಿಳಾಸದ ಕೊನೆಗೆ ಯುಟಿಎಂ ಎಂಬ ಗುರುತನ್ನು (ಕ್ಲಿಕ್ ಎಲ್ಲಿಂದ ಬಂತೆಂದು ತಿಳಿಸುವ ಪುಟ್ಟ ಪದಗಳನ್ನು) ಸೇರಿಸಿದರೆ ಆ ಕ್ಲಿಕ್‌ಗಳು ಬೇರೆ ಸಾಲಿನಲ್ಲಿ ಬರುತ್ತವೆ, ಯಾವುದು ಯಾವುದರ ಫಲ ಎಂಬುದು ಸ್ಪಷ್ಟವಾಗುತ್ತದೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎಸಿ ಮತ್ತು ಫ್ರಿಜ್ ರಿಪೇರಿ ಮಾಡುತ್ತೇನೆ, ಗಿರಾಕಿಗಳ ಮನೆಗೇ ಹೋಗುತ್ತೇನೆ. ಪ್ರೊಫೈಲ್‌ನ ಹೆಸರಿಗೆ ‘ಬೆಸ್ಟ್ ಎಸಿ ರಿಪೇರಿ ಹುಬ್ಬಳ್ಳಿ ಧಾರವಾಡ’ ಎಂದು ಸೇರಿಸಲು, ಧಾರವಾಡದ ಸಂಬಂಧಿಕರ ಮನೆಯ ವಿಳಾಸದಲ್ಲಿ ಇನ್ನೊಂದು ಪ್ರೊಫೈಲ್ ತೆರೆಯಲು ಏಜೆನ್ಸಿಯವರು ಹೇಳುತ್ತಿದ್ದಾರೆ. ಮಾಡಬಹುದೇ? ಸಿಕ್ಕಿಬಿದ್ದರೆ ನನ್ನ ವೆಬ್‌ಸೈಟ್‌ಗೂ ಪೆಟ್ಟು ಬೀಳುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಎರಡನ್ನೂ ಮಾಡಬೇಡಿ. ಹೆಸರಿನಲ್ಲಿ ಹುಡುಕುವ ಪದಗಳನ್ನು ತುರುಕಿದವರು ಮ್ಯಾಪ್‌ನಲ್ಲಿ ಮೇಲೆ ಬರುವುದನ್ನು ನಾವೆಲ್ಲ ನೋಡುತ್ತಿದ್ದೇವೆ, ಏಜೆನ್ಸಿಯವರು ಆಸೆ ಹುಟ್ಟಿಸುವುದೂ ಅದರಿಂದಲೇ. ಆದರೆ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಇರುವ ಹೆಸರನ್ನೇ ಪ್ರೊಫೈಲ್‌ನಲ್ಲಿ ಕೊಡಬೇಕೆಂಬುದು ಗೂಗಲ್‌ನ ನಿಯಮ. ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ್ದರಿಂದ, ಪಕ್ಕದ ಬೀದಿಯ ಪೈಪೋಟಿದಾರರೊಬ್ಬರ ದೂರು ಸಾಕು, ಪ್ರೊಫೈಲ್ ಅಮಾನತಾಗಬಹುದು. ಆಗ ವೆಬ್‌ಸೈಟಿನ ಸ್ಥಾನಕ್ಕೆ ನೇರವಾದ ಶಿಕ್ಷೆಯೇನೂ ಇರುವುದಿಲ್ಲ. ಆದರೆ ರಿಪೇರಿ ಕೆಲಸಕ್ಕೆ ಕರೆಗಳು ಹೆಚ್ಚಾಗಿ ಬರುವುದೇ ಮ್ಯಾಪ್‌ನಿಂದ. ಬೇಸಿಗೆಯ ನಡುವೆ ಪ್ರೊಫೈಲ್ ಮರೆಯಾದರೆ, ಅದರ ಜೊತೆಗೆ ವರ್ಷಗಳ ರಿವ್ಯೂಗಳೂ ಕಾಣದಾದರೆ, ಆ ನಷ್ಟವನ್ನು ವೆಬ್‌ಸೈಟ್ ತುಂಬಿಕೊಡಲಾರದು.

ನಿಮ್ಮ ಸಿಬ್ಬಂದಿ ಇಲ್ಲದ ಮನೆಯ ವಿಳಾಸದಲ್ಲಿ ಪ್ರೊಫೈಲ್ ತೆರೆಯುವುದಕ್ಕೂ ಅನುಮತಿಯಿಲ್ಲ. ಗಿರಾಕಿಗಳು ನಿಮ್ಮಲ್ಲಿಗೆ ಬರುವುದಿಲ್ಲವಾದ್ದರಿಂದ ಈಗಿರುವ ಪ್ರೊಫೈಲ್‌ನಲ್ಲಿ ವಿಳಾಸವನ್ನು ಮರೆಮಾಡಿ, ಸೇವಾ ವ್ಯಾಪ್ತಿಯಲ್ಲಿ ಧಾರವಾಡವನ್ನು ಸೇರಿಸಿ. ಇಷ್ಟರಿಂದಲೇ ಧಾರವಾಡದಲ್ಲಿ ಮೇಲೆ ಬರುವುದಿಲ್ಲ. ಅಲ್ಲಿಯೂ ಕೆಲಸ ಮಾಡುತ್ತೀರೆಂದು ಗಿರಾಕಿಗಳಿಗೆ ತಿಳಿಯುತ್ತದೆ ಅಷ್ಟೆ. ಧಾರವಾಡದ ಹುಡುಕಾಟಕ್ಕಾಗಿ ವೆಬ್‌ಸೈಟಿನಲ್ಲಿ ಒಂದು ಪುಟ ಬರೆಯಿರಿ: ಅಲ್ಲಿಗೆ ಯಾವ ದಿನಗಳಲ್ಲಿ ಹೋಗುತ್ತೀರಿ, ಹೋಗಿಬರುವ ಖರ್ಚನ್ನು ಬೇರೆ ತೆಗೆದುಕೊಳ್ಳುತ್ತೀರಾ, ಯಾವ ಕಂಪನಿಗಳ ಎಸಿ ರಿಪೇರಿ ಮಾಡುತ್ತೀರಿ, ಗ್ಯಾಸ್ ತುಂಬಿಸಲು ಎಷ್ಟಾಗುತ್ತದೆ. ಹುಬ್ಬಳ್ಳಿಯ ಪುಟವನ್ನೇ ನಕಲು ಮಾಡಿ ಊರಿನ ಹೆಸರು ಮಾತ್ರ ಬದಲಿಸಿದರೆ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮ ಹಾರ್ಡ್‌ವೇರ್ ಅಂಗಡಿಯ ವಿಳಾಸ ಗೂಗಲ್‌ನಲ್ಲಿ ‘ಮೈಸೂರು’, ಜಸ್ಟ್‌ಡಯಲ್‌ನಲ್ಲಿ ಹಳೆಯ ಇಂಗ್ಲಿಷ್ ಕಾಗುಣಿತದ ‘ಮೈಸೋರ್’. ಅಲ್ಲಿರುವ ಫೋನ್ ನಂಬರೂ ಹಳೆಯದು. ಇದರಿಂದ ಸ್ಥಾನ ಕೆಳಗಿಳಿಯುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಊರಿನ ಹೆಸರಿನ ಬಗ್ಗೆ ಚಿಂತೆ ಬೇಡ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರುಗಳ ಇಂಗ್ಲಿಷ್ ರೂಪ ಬದಲಾಯಿತು; ಎರಡೂ ರೂಪಗಳು ಒಂದೇ ಊರೆಂದು ಗೂಗಲ್‌ಗೆ ಗೊತ್ತಿದೆ. ತಿದ್ದಬೇಕಾದದ್ದು ಫೋನ್ ನಂಬರು. ಎರಡು ಕಡೆ ಎರಡು ನಂಬರ್ ಇದ್ದರೆ ಇವು ಒಂದೇ ಅಂಗಡಿಯೋ ಎರಡೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಕರೆ ಮಾಡಿದ ಗಿರಾಕಿ ಕೈತಪ್ಪುತ್ತಾರೆ. ಹಳೆಯ ನಂಬರನ್ನು ಗೂಗಲ್‌ನಲ್ಲಿಯೇ ಹುಡುಕಿ, ಅದು ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಬದಲಿಸಿ. ನಿಮ್ಮ ವೆಬ್‌ಸೈಟಿನ ಸಂಪರ್ಕ ಪುಟವನ್ನು ಮೊದಲು ನೋಡಿ, ಹಳೆಯ ನಂಬರ್ ಅಲ್ಲಿಯೇ ಉಳಿದಿರುವುದು ಅಪರೂಪವಲ್ಲ.