ಮೆಲ್ಬರ್ನ್‌ನ ಬಿಸಿಲಿನಲ್ಲಿ ಚರ್ಮ ಮತ್ತು ಕಣ್ಣುಗಳ ಆರೈಕೆ

ಮೆಲ್ಬರ್ನ್‌ಗೆ ಬಂದ ಮೇಲೆ ವರ್ಷವಿಡೀ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕೇ, ನಮ್ಮಂಥ ಕಂದು ಮೈಬಣ್ಣದವರಿಗೂ ಅದು ಅಗತ್ಯವೇ ಎಂದು ಕೇಳಿದ್ದೀರಿ. ಇಲ್ಲಿ ನೆಲೆಸುವವರು ಬಿಸಿಲನ್ನು ಸೆಖೆಯಿಂದ ಅಳೆಯುವ ರೂಢಿಯನ್ನು ಮೊದಲು ಬಿಡಬೇಕು. ಹಾನಿ ಮಾಡುವ ಅತಿನೇರಳೆ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಗುವುದೂ ಇಲ್ಲ. ಆದ್ದರಿಂದ ಇಲ್ಲಿನ ಬೇಸಿಗೆಯಾದ ಜನವರಿಯಲ್ಲಿ ತಂಗಾಳಿ ಬೀಸುತ್ತಿರುವ ಹಿತವಾದ ದಿನದಂದೂ, ಈ ಕಿರಣಗಳ ತೀವ್ರತೆಯನ್ನು ತಿಳಿಸುವ ಯುವಿ ಸೂಚ್ಯಂಕ ನಡುಹಗಲಿನಲ್ಲಿ 10ನ್ನು ದಾಟಬಹುದು.

ಹವಾಮಾನ ಇಲಾಖೆಯು ಪ್ರತಿದಿನ ಈ ಸೂಚ್ಯಂಕವನ್ನೂ ಅದು ಯಾವ ಗಂಟೆಯಿಂದ ಯಾವ ಗಂಟೆಯವರೆಗೆ 3 ಅಥವಾ ಅದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನೂ ಪ್ರಕಟಿಸುತ್ತದೆ. ಆ ಅವಧಿಯಲ್ಲಿ ರಕ್ಷಣೆ ಬೇಕು ಎಂಬುದೇ ಇಲ್ಲಿನ ನಿಯಮ. ಮೆಲ್ಬರ್ನ್‌ನಲ್ಲಿ ಮೇ ತಿಂಗಳಿಂದ ಆಗಸ್ಟ್ ನಡುವಿನವರೆಗೆ ಅದು ಸಾಮಾನ್ಯವಾಗಿ 3ಕ್ಕಿಂತ ಕೆಳಗಿರುತ್ತದೆ. ಬ್ರಿಸ್ಬೇನ್ ಅಥವಾ ಡಾರ್ವಿನ್‌ಗೆ ಹೋದರೆ ಚಳಿಗಾಲದಲ್ಲೂ ಎಚ್ಚರ ಬೇಕಾಗುತ್ತದೆ. ಇಲ್ಲಿನ ಬೆಟ್ಟಗಳಿಗೆ ಹಿಮ ನೋಡಲು ಹೋಗುವಾಗಲೂ ಅಷ್ಟೇ, ಏಕೆಂದರೆ ಹೊಸ ಹಿಮವು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳ ಬಹುಪಾಲನ್ನು ಮುಖದತ್ತ ತಿರುಗಿಸುತ್ತದೆ.

ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ಅಂಶ ನಮಗೆ ಸ್ವಲ್ಪ ಆಸರೆ ಕೊಡುತ್ತದೆ ಎಂಬುದು ನಿಜ, ಆದರೆ ಅದು ಪೂರ್ಣ ರಕ್ಷಣೆಯಲ್ಲ. ಬಟ್ಟೆ, ಅಗಲ ಅಂಚಿನ ಟೋಪಿ ಮತ್ತು ನೆರಳನ್ನು ಮೊದಲು ನೆಚ್ಚಿಕೊಂಡು, ಅವು ಮುಚ್ಚದ ಭಾಗಕ್ಕೆ ಮಾತ್ರ ಸನ್‌ಸ್ಕ್ರೀನ್ ಹಚ್ಚುವುದು ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಿಸುವ ಪ್ರಮಾಣ) 50+ ಇರುವ, ಯುವಿಎ ಮತ್ತು ಯುವಿಬಿ ಎಂಬ ಎರಡೂ ಬಗೆಯ ಅತಿನೇರಳೆ ಕಿರಣಗಳನ್ನು ತಡೆಯುವ ಬ್ರಾಡ್ ಸ್ಪೆಕ್ಟ್ರಮ್ ಸನ್‌ಸ್ಕ್ರೀನನ್ನು ಹೊರಡುವ 20 ನಿಮಿಷ ಮೊದಲು ಧಾರಾಳವಾಗಿ ಹಚ್ಚಿ, 2 ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸುಗಳಿಗೆ ನೆರಳು ಮತ್ತು ಬಟ್ಟೆಯೇ ಮುಖ್ಯ. ಶಾಲೆಗೆ ಹೋಗುವ ಮಕ್ಕಳ ಬಗ್ಗೆ ನಿಮಗೆ ಚಿಂತೆ ಕಡಿಮೆ: ಟೋಪಿ ಇಲ್ಲದೆ ಬಯಲಿನಲ್ಲಿ ಆಟವಿಲ್ಲ ಎಂಬ ನಿಯಮವನ್ನು ಇಲ್ಲಿನ ಬಹಳಷ್ಟು ಪ್ರಾಥಮಿಕ ಶಾಲೆಗಳು ಪಾಲಿಸುತ್ತವೆ.

ನಮ್ಮವರು ಅತಿ ಹೆಚ್ಚು ಕಡೆಗಣಿಸುವುದು ಕಣ್ಣನ್ನು, ಇದು ನನಗೆ ನಿಜಕ್ಕೂ ಕಳವಳ ತರುತ್ತದೆ. ಕಂದು ಮೈಬಣ್ಣವು ಕಣ್ಣಿನ ಮಸೂರವನ್ನು ಕಾಯುವುದಿಲ್ಲ. ವರ್ಷಗಟ್ಟಲೆ ಬಿದ್ದ ಬಿಸಿಲು ಕಣ್ಣಿನ ಪೊರೆಗೂ, ಬಿಳಿಗುಡ್ಡೆಯಿಂದ ಕರಿಗುಡ್ಡೆಯತ್ತ ಮಾಂಸ ಬೆಳೆಯುವ ಟೆರಿಜಿಯಂಗೂ ಕಾರಣವಾಗಬಲ್ಲದು. ಗಾಜು ಕಪ್ಪಗಿದ್ದ ಮಾತ್ರಕ್ಕೆ ತಂಪು ಕನ್ನಡಕ ಒಳ್ಳೆಯದಾಗುವುದಿಲ್ಲ. ಅತಿನೇರಳೆ ಕಿರಣಗಳನ್ನು ತಡೆಯದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗಿ, ಆ ಕಿರಣಗಳಿಗೆ ದಾರಿ ಇನ್ನಷ್ಟು ಅಗಲವಾಗುವ ಸಂಭವವಿದೆ. ಆದ್ದರಿಂದ ಕೊಳ್ಳುವಾಗ ಚೀಟಿಯಲ್ಲಿ ಕೆಟಗರಿ 2 ಅಥವಾ 3 ಎಂದಿದೆಯೇ ನೋಡಿ, ಪಕ್ಕಗಳಿಂದಲೂ ಬೆಳಕು ನುಗ್ಗದಂತೆ ಮುಖಕ್ಕೆ ಹೊಂದಿಕೊಳ್ಳುವುದನ್ನು ಆರಿಸಿಕೊಳ್ಳಿ.

ಇನ್ನೊಂದು ವಿಷಯ. ನಮ್ಮ ಚರ್ಮವು ವಿಟಮಿನ್ ಡಿಯನ್ನು ನಿಧಾನವಾಗಿ ತಯಾರಿಸುವುದರಿಂದ, ಇಲ್ಲಿನ ಚಳಿಗಾಲದಲ್ಲಿ ಅದರ ಕೊರತೆ ಕಾಣಿಸಿಕೊಳ್ಳಬಹುದು. ಅದಕ್ಕಾಗಿ ಬೇಸಿಗೆಯ ನಡುಹಗಲಿನಲ್ಲಿ ಬಿಸಿಲು ಕಾಯಿಸಿಕೊಳ್ಳುವ ಬದಲು ನಿಮ್ಮ ಜಿಪಿಯವರನ್ನು (ಕುಟುಂಬ ವೈದ್ಯರನ್ನು) ಕಂಡು, ರಕ್ತ ಪರೀಕ್ಷೆಯೋ ಮಾತ್ರೆಯೋ ಬೇಕೇ ಎಂದು ಕೇಳಿ. ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೆ ಹೊಸ ಮಚ್ಚೆ ಮೂಡಿದ್ದರೆ, ಅದು ಚರ್ಮದ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಅದೇ ಭೇಟಿಯಲ್ಲಿ ಅದನ್ನೂ ತೋರಿಸಿ.